ಸೇವಾ ಟ್ರಕ್ ಸಲಕರಣೆಗಳ ಸುರಕ್ಷತಾ ಹಿಂಪಡೆಯುವಿಕೆ

ಸೇವಾ ಟ್ರಕ್ ಸಲಕರಣೆಗಳ ಸುರಕ್ಷತಾ ಹಿಂಪಡೆಯುವಿಕೆ ಎಂಬುದು ಒಂದು ಶಾಸನಬದ್ಧ ಪ್ರಕ್ರಿಯೆ. ವಿದ್ಯುತ್, ದೂರವಾಣಿ, ನೀರು, ಅನಿಲ ಮೊದಲಾದ ಸೌಲಭ್ಯಗಳ ದುರಸ್ತಿಗೆ ಬಳಸುವ ಟ್ರಕ್‌ಗಳ ಮೇಲೆ ಅಳವಡಿಸಿದ ಸಲಕರಣೆಗಳು ಸಡಿಲಗೊಂಡು ಕಳಚಿ ಬೀಳುವಂತಹ ದೋಷ ಕಂಡುಬಂದಾಗ, ತಯಾರಕರು ಅಂತಹ ವಾಹನಗಳನ್ನು ಗುರುತಿಸಿ, ಮಾಲೀಕರಿಗೆ ತಿಳಿವಳಿಕೆ ನೀಡಿ, ದೋಷವನ್ನು ಉಚಿತವಾಗಿ ಸರಿಪಡಿಸಿಕೊಡಬೇಕಾಗುತ್ತದೆ. ಇದನ್ನು ಸಾಮಾನ್ಯವಾಗಿ ರೀಕಾಲ್ ಎಂದು ಕರೆಯಲಾಗುತ್ತದೆ. ಈ ವ್ಯವಸ್ಥೆ ಅತ್ಯಂತ ವಿಸ್ತಾರವಾಗಿ ಬೆಳೆದಿರುವ ದೇಶಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವೂ ಒಂದು. ಈ ಲೇಖನವು ಮುಖ್ಯವಾಗಿ ಅಲ್ಲಿನ ಕಾನೂನು ಹಾಗೂ ರೂಢಿಯನ್ನು ವಿವರಿಸುತ್ತದೆ.

ಕಾರಿನ ಹಿಂಪಡೆಯುವಿಕೆಗೂ ಸೇವಾ ಟ್ರಕ್ಕಿನ ಹಿಂಪಡೆಯುವಿಕೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕಾರನ್ನು ಸಾಮಾನ್ಯವಾಗಿ ಒಂದೇ ಸಂಸ್ಥೆ ಪೂರ್ಣಗೊಳಿಸಿ ಮಾರಾಟಕ್ಕೆ ಕಳುಹಿಸುತ್ತದೆ. ಸೇವಾ ಟ್ರಕ್ ಮಾತ್ರ ಎರಡು, ಮೂರು ಅಥವಾ ಅದಕ್ಕಿಂತ ಹೆಚ್ಚು ಸಂಸ್ಥೆಗಳ ಕೈ ದಾಟಿ ಸಿದ್ಧವಾಗುತ್ತದೆ. ಆದ್ದರಿಂದ ಸಡಿಲಗೊಂಡ ಒಂದು ಬೋಲ್ಟಿಗೆ ಯಾರು ಹೊಣೆ, ಆ ಟ್ರಕ್ ಈಗ ಯಾರ ಬಳಿ ಇದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ಮಾತ್ರ ಹಿಂಪಡೆಯುವಿಕೆ ಫಲಕಾರಿಯಾಗುತ್ತದೆ.

ಸೇವಾ ಟ್ರಕ್ ಮತ್ತು ಅದರ ಸಲಕರಣೆಗಳು

ಸೇವಾ ಟ್ರಕ್ ಎಂದರೆ ಸರಕು ಸಾಗಣೆಗಿಂತ ಹೆಚ್ಚಾಗಿ ಕೆಲಸಗಾರರನ್ನೂ ಅವರ ಉಪಕರಣಗಳನ್ನೂ ಕೆಲಸದ ಸ್ಥಳಕ್ಕೆ ಒಯ್ಯುವ ವಾಹನ. ವಿದ್ಯುತ್ ತಂತಿಗಳ ಎತ್ತರಕ್ಕೆ ಕಾರ್ಮಿಕರನ್ನು ಏರಿಸುವ ಬಕೆಟ್ ಟ್ರಕ್, ಕಂಬ ನೆಡಲು ಗುಂಡಿ ಕೊರೆದು ಕಂಬವನ್ನು ಎತ್ತಿ ನಿಲ್ಲಿಸುವ ಟ್ರಕ್, ಸಣ್ಣ ಕ್ರೇನ್ ಹೊತ್ತ ಟ್ರಕ್, ಎರಡೂ ಬದಿಗಳಲ್ಲಿ ಬೀಗವಿರುವ ಉಕ್ಕಿನ ಪೆಟ್ಟಿಗೆಗಳನ್ನು ಹೊಂದಿದ ದುರಸ್ತಿ ಟ್ರಕ್ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ.

ಇವುಗಳ ಮೇಲೆ ಅಳವಡಿಸುವ ಸಲಕರಣೆಗಳಲ್ಲಿ ಮೇಲೇರುವ ತೋಳು ಮತ್ತು ಬಕೆಟ್, ವಿಂಚ್, ಏರ್ ಕಂಪ್ರೆಸರ್, ಜನರೇಟರ್, ವೆಲ್ಡಿಂಗ್ ಯಂತ್ರ, ಏಣಿ ಇರಿಸುವ ಚೌಕಟ್ಟು, ಕೇಬಲ್ ಸುರುಳಿಯ ಹಿಡಿಕೆ, ಬಂಪರಿನ ಮೇಲೆ ಕೂರಿಸುವ ವೈಸ್, ಟ್ರಕ್ಕನ್ನು ನೆಲಕ್ಕೆ ಊರಿ ನಿಲ್ಲಿಸುವ ಔಟ್‌ರಿಗರ್ ಕಾಲುಗಳು ಮತ್ತು ಅವುಗಳ ಅಡಿಗೆ ಇಡುವ ಹಲಗೆಗಳು ಮುಖ್ಯವಾದವು. ಇವುಗಳಲ್ಲಿ ಕೆಲವನ್ನು ಚಾಸಿಯ ಉದ್ದ ತೊಲೆಗಳಿಗೆ ನೇರವಾಗಿ ಬೋಲ್ಟ್ ಮಾಡಲಾಗುತ್ತದೆ. ಕೆಲವನ್ನು ನಡುವೆ ಒಂದು ಉಪಚೌಕಟ್ಟು ಇರಿಸಿ ಜೋಡಿಸಲಾಗುತ್ತದೆ. ಇನ್ನು ಕೆಲವು ಕೇವಲ ಪಿನ್, ಕೊಕ್ಕೆ ಅಥವಾ ಬೀಗದ ಆಧಾರದಲ್ಲಿ ನಿಂತಿರುತ್ತವೆ.

ಬಹುಹಂತದ ತಯಾರಿಕೆ

ಅಮೆರಿಕದ ನಿಯಮಗಳು ಇಂತಹ ವಾಹನಗಳನ್ನು ಎರಡು ಅಥವಾ ಹೆಚ್ಚು ಹಂತಗಳಲ್ಲಿ ತಯಾರಾಗುವ ವಾಹನಗಳೆಂದು ವರ್ಗೀಕರಿಸುತ್ತವೆ. ಮೊದಲ ಹಂತದ ಸಂಸ್ಥೆಯು ಎಂಜಿನ್, ಚಾಸಿ, ಚಕ್ರಗಳು ಮತ್ತು ಚಾಲಕನ ಕೋಣೆಯನ್ನು ಹೊಂದಿದ ಅಪೂರ್ಣ ವಾಹನವನ್ನು ತಯಾರಿಸುತ್ತದೆ. ಅದರೊಂದಿಗೆ ಒಂದು ದಾಖಲೆ ಪತ್ರವನ್ನೂ ನೀಡುತ್ತದೆ. ವಾಹನವು ಹೊರಬಹುದಾದ ಗರಿಷ್ಠ ಭಾರ, ಪ್ರತಿ ಅಚ್ಚಿನ ಮಿತಿ, ಮುಂದಿನ ಹಂತದವರು ಯಾವ ಷರತ್ತುಗಳನ್ನು ಪಾಲಿಸಿದರೆ ಸುರಕ್ಷತಾ ಮಾನದಂಡಗಳು ಪೂರೈಸಲ್ಪಡುತ್ತವೆ ಎಂಬ ವಿವರಗಳು ಆ ಪತ್ರದಲ್ಲಿರುತ್ತವೆ.

ಮಧ್ಯದ ಹಂತದ ಸಂಸ್ಥೆಯು ಇದ್ದಲ್ಲಿ ಅದು ಚಾಸಿಯನ್ನು ಉದ್ದಗೊಳಿಸುವುದು ಅಥವಾ ಉಪಚೌಕಟ್ಟು ಕೂರಿಸುವುದು ಮೊದಲಾದ ಕೆಲಸಗಳನ್ನು ಮಾಡುತ್ತದೆ. ಅಂತಿಮ ಹಂತದ ತಯಾರಕನು ಬಾಡಿ ಮತ್ತು ಸಲಕರಣೆಗಳನ್ನು ಜೋಡಿಸಿ, ವಾಹನವು ಅನ್ವಯವಾಗುವ ಎಲ್ಲ ಮಾನದಂಡಗಳಿಗೆ ಅನುಗುಣವಾಗಿದೆ ಎಂದು ಪ್ರಮಾಣೀಕರಿಸುವ ಫಲಕವನ್ನು ಅಂಟಿಸುತ್ತಾನೆ. ಹೀಗೆ ಪೂರ್ಣಗೊಂಡ ವಾಹನದ ಮೇಲೆ ಪ್ರಸಿದ್ಧ ಟ್ರಕ್ ಕಂಪನಿಯ ಹೆಸರು ಎದ್ದು ಕಾಣುತ್ತಿದ್ದರೂ, ಅದರ ಮೇಲಿನ ಕ್ರೇನನ್ನು ಬೋಲ್ಟ್ ಹಾಕಿ ಬಿಗಿದವರು ಬೇರೆಯವರೇ ಆಗಿರುತ್ತಾರೆ.

ಸಲಕರಣೆಗಳು ಸಡಿಲಗೊಳ್ಳಲು ಕಾರಣಗಳು

ಬೋಲ್ಟ್ ಜೋಡಣೆಯ ಬಲ ಇರುವುದು ಬೋಲ್ಟಿನ ಗಾತ್ರದಲ್ಲಿ ಮಾತ್ರವಲ್ಲ. ನಟ್ಟನ್ನು ಬಿಗಿದಾಗ ಬೋಲ್ಟ್ ಒಂದು ಗಟ್ಟಿ ಸ್ಪ್ರಿಂಗಿನಂತೆ ಅತ್ಯಲ್ಪವಾಗಿ ಹಿಗ್ಗುತ್ತದೆ. ಹಿಗ್ಗಿದ ಬೋಲ್ಟ್ ಎರಡು ಲೋಹದ ತುಂಡುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಈ ಒತ್ತು ಬಲದಿಂದ ಹುಟ್ಟುವ ಘರ್ಷಣೆಯೇ ಸಲಕರಣೆಯನ್ನು ಅಲುಗದಂತೆ ಕಾಯುತ್ತದೆ. ಒತ್ತು ಬಲ ಕುಗ್ಗಿದ ಕ್ಷಣದಿಂದ ತುಂಡುಗಳು ಪರಸ್ಪರ ಜಾರತೊಡಗುತ್ತವೆ.

ಬಿಗಿಯುವಾಗ ವ್ಯಯವಾಗುವ ತಿರುಚು ಬಲದ ಬಹುಪಾಲು ಬೋಲ್ಟನ್ನು ಹಿಗ್ಗಿಸಲು ಒದಗುವುದಿಲ್ಲ. ಸ್ಥೂಲ ಲೆಕ್ಕದಲ್ಲಿ ಅದರ ಅರ್ಧದಷ್ಟು ನಟ್ ಅಥವಾ ಬೋಲ್ಟಿನ ತಲೆಯ ಅಡಿಯ ಘರ್ಷಣೆಯಲ್ಲಿಯೂ, ಸುಮಾರು ಶೇ. 40ರಷ್ಟು ಮರೆಗಳ ಘರ್ಷಣೆಯಲ್ಲಿಯೂ ಕಳೆದುಹೋಗುತ್ತದೆ. ಉಳಿದ ಶೇ. 10ರಷ್ಟು ಮಾತ್ರ ಒತ್ತು ಬಲವಾಗಿ ಪರಿಣಮಿಸುತ್ತದೆ. ಆದ್ದರಿಂದ ಮರೆಗಳಲ್ಲಿ ತುಕ್ಕು, ಧೂಳು ಅಥವಾ ಎಣ್ಣೆ ಇದ್ದರೆ ಟಾರ್ಕ್ ರೆಂಚ್ ಒಂದೇ ಅಂಕಿಯನ್ನು ತೋರಿಸಿದರೂ ನಿಜವಾದ ಬಿಗಿತ ಬಹಳ ಬೇರೆಯಾಗಿರಬಹುದು.

1969ರಲ್ಲಿ ಜರ್ಮನ್ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ಅವರು ಪ್ರಕಟಿಸಿದ ಅಧ್ಯಯನವು ಈ ಕ್ಷೇತ್ರದಲ್ಲಿ ಮಹತ್ವದ್ದು. ಬೋಲ್ಟಿನ ಉದ್ದಕ್ಕೆ ಅಡ್ಡಲಾಗಿ ಉಂಟಾಗುವ ಕಂಪನವೇ ಬೋಲ್ಟು ತಾನಾಗಿ ಕಳಚಿಕೊಳ್ಳಲು ಪ್ರಬಲ ಕಾರಣವೆಂದು ಅವರು ತೋರಿಸಿದರು. ಅಡ್ಡ ಕಂಪನದಿಂದ ಮರೆಗಳಲ್ಲಿ ಪದೇ ಪದೇ ಸಣ್ಣ ಜಾರುವಿಕೆ ಉಂಟಾದಾಗ ನಟ್ಟು ಪ್ರತಿ ಬಾರಿಯೂ ಕೂದಲೆಳೆಯಷ್ಟು ಹಿಂದಕ್ಕೆ ತಿರುಗುತ್ತದೆ. ಸುರುಳಿಯಾಕಾರದ ಸಾಮಾನ್ಯ ಸ್ಪ್ರಿಂಗ್ ವಾಷರ್ ಇಂತಹ ಕಂಪನಕ್ಕೆ ನಂಬಲರ್ಹ ತಡೆಯಲ್ಲ ಎಂಬುದು ಯುಂಕರ್ ಪರೀಕ್ಷೆ ಎಂದೇ ಹೆಸರಾದ ವಿಧಾನದಿಂದ ತಿಳಿದುಬಂದಿದೆ.

ಸೇವಾ ಟ್ರಕ್‌ಗಳಲ್ಲಿ ಸಡಿಲಿಕೆಗೆ ಕಾರಣವಾಗುವ ಪ್ರಮುಖ ಅಂಶಗಳು ಹೀಗಿವೆ:

ಬಿಗಿಯದೆ ಉಳಿದ ಬೋಲ್ಟು: ತಯಾರಿಕೆಯ ವೇಳೆ ಬೋಲ್ಟನ್ನು ಕೈಯಿಂದ ತಿರುಗಿಸಿ, ಅಂತಿಮವಾಗಿ ಬಿಗಿಯುವುದನ್ನು ಮರೆಯುವುದು.

ಬಣ್ಣದ ಪದರ: ಜೋಡಣೆಯ ಮೇಲ್ಮೈಗಳ ನಡುವೆ ದಪ್ಪ ಬಣ್ಣವಿದ್ದರೆ ಅದು ಕಾಲಕ್ರಮೇಣ ಒತ್ತಿಹೋಗಿ ತೆಳುವಾಗುತ್ತದೆ. ಬೋಲ್ಟಿನ ಹಿಗ್ಗುವಿಕೆ ಅಷ್ಟರಮಟ್ಟಿಗೆ ಇಳಿಯುತ್ತದೆ.

ಕಡಿಮೆ ದರ್ಜೆಯ ಬೋಲ್ಟು: ಅಮೆರಿಕದ ಪದ್ಧತಿಯಲ್ಲಿ 5ನೇ ದರ್ಜೆಯ ಬೋಲ್ಟಿನ ತಲೆಯ ಮೇಲೆ 3 ಗೆರೆಗಳೂ, 8ನೇ ದರ್ಜೆಯ ಬೋಲ್ಟಿನ ಮೇಲೆ 6 ಗೆರೆಗಳೂ ಇರುತ್ತವೆ. ನೋಡಲು ಒಂದೇ ಗಾತ್ರದ ಇವೆರಡನ್ನು ಅದಲುಬದಲು ಮಾಡಿದರೆ ಜೋಡಣೆಯ ಶಕ್ತಿ ಕುಸಿಯುತ್ತದೆ.

ಬೆಸುಗೆಯ ದೋಷ: ಬೆಸುಗೆ ಲೋಹದೊಳಕ್ಕೆ ಸಾಕಷ್ಟು ಇಳಿಯದಿದ್ದರೆ ಬಿರುಕು ಹುಟ್ಟಿ, ಪ್ರತಿ ಕುಲುಕಾಟಕ್ಕೂ ಸ್ವಲ್ಪ ಸ್ವಲ್ಪವೇ ಬೆಳೆಯುತ್ತದೆ. ಇದು ಲೋಹದ ದಣಿವು ಎನಿಸಿಕೊಳ್ಳುತ್ತದೆ.

ಚಾಸಿಯ ಬಾಗುವಿಕೆ: ಉಬ್ಬುತಗ್ಗಿನ ರಸ್ತೆಯಲ್ಲಿ ಚಾಸಿಯ ತೊಲೆಗಳು ತಿರುಚಿಕೊಳ್ಳುತ್ತವೆ. ಅವುಗಳ ಮೇಲಿನ ಬಾಡಿ ಅಷ್ಟು ಸುಲಭವಾಗಿ ತಿರುಚಿಕೊಳ್ಳದೆ ಇದ್ದಾಗ ಎರಡರ ನಡುವಿನ ಬೋಲ್ಟುಗಳ ಮೇಲೆ ಭಾರ ಬೀಳುತ್ತದೆ.

ಅಪಾಯದ ಸ್ವರೂಪ

ಚಲಿಸುವ ವಾಹನದಿಂದ ಕಳಚಿದ ವಸ್ತು ವಾಹನದ ವೇಗವನ್ನೇ ಹೊತ್ತು ರಸ್ತೆಗೆ ಬೀಳುತ್ತದೆ. ಗಂಟೆಗೆ 100 ಕಿ.ಮೀ. ವೇಗವು ಸುಮಾರು 39 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಪಡೆಯುವ ವೇಗಕ್ಕೆ ಸಮ. ಈ ವೇಗದಲ್ಲಿ 20 ಕಿಲೋಗ್ರಾಂ ತೂಕದ ಒಂದು ವೈಸ್ ಸುಮಾರು 7,700 ಜೂಲ್ ಚಲನ ಶಕ್ತಿಯನ್ನು ಹೊಂದಿರುತ್ತದೆ. ಎದುರಿನಿಂದ ಬರುವ ವಾಹನಕ್ಕೆ ಅದು ಬಡಿದರೆ ಎರಡರ ವೇಗಗಳೂ ಕೂಡಿ ಹೊಡೆತದ ತೀವ್ರತೆ ಇನ್ನೂ ಹೆಚ್ಚುತ್ತದೆ.

ಅಮೆರಿಕದ ಎಎಎ ಸಂಚಾರ ಸುರಕ್ಷತಾ ಪ್ರತಿಷ್ಠಾನವು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2011ರಿಂದ 2014ರವರೆಗಿನ 4 ವರ್ಷಗಳಲ್ಲಿ ರಸ್ತೆಯ ಮೇಲೆ ಬಿದ್ದ ವಸ್ತುಗಳಿಗೆ ಸಂಬಂಧಿಸಿದ 2 ಲಕ್ಷಕ್ಕೂ ಹೆಚ್ಚು ಅಪಘಾತಗಳು ಪೊಲೀಸ್ ದಾಖಲೆ ಸೇರಿದವು. ಅವುಗಳಲ್ಲಿ ಸುಮಾರು 39,000 ಮಂದಿ ಗಾಯಗೊಂಡರು, 500ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಇಂತಹ ಅಪಘಾತಗಳಲ್ಲಿ ಸುಮಾರು ಮೂರನೆಯ ಎರಡು ಭಾಗ, ನಿರ್ವಹಣೆಯ ಕೊರತೆಯಿಂದಲೋ ಸರಿಯಾಗಿ ಕಟ್ಟದ ಹೊರೆಯಿಂದಲೋ ವಾಹನಗಳಿಂದ ಬಿದ್ದ ವಸ್ತುಗಳಿಂದ ಸಂಭವಿಸಿದ್ದವು. ಈ ಅಂಕಿಗಳು ಎಲ್ಲ ಬಗೆಯ ವಾಹನಗಳಿಗೂ ಸಂಬಂಧಿಸಿದವು. ಸೇವಾ ಟ್ರಕ್‌ಗಳ ಪಾಲು ಅವುಗಳಲ್ಲಿ ಒಂದಂಶ ಮಾತ್ರ.

ಸಡಿಲ ಸಲಕರಣೆಯ ಅಪಾಯಕ್ಕೆ ಹೆಚ್ಚಾಗಿ ಗುರಿಯಾಗುವವರು ಟ್ರಕ್ಕನ್ನು ಕೊಂಡವರಲ್ಲ. ಹಿಂದೆ ಬರುವ ವಾಹನದ ಪ್ರಯಾಣಿಕರು, ರಸ್ತೆ ಬದಿಯಲ್ಲಿ ನಡೆಯುವವರು ಮತ್ತು ಅದೇ ಟ್ರಕ್ಕಿನ ಸುತ್ತ ಕೆಲಸ ಮಾಡುವ ಕಾರ್ಮಿಕರು ಅಪಾಯಕ್ಕೆ ಒಡ್ಡಿಕೊಂಡಿರುತ್ತಾರೆ. ಬಕೆಟ್ ಟ್ರಕ್ಕಿನಲ್ಲಿ ಮೇಲೇರುವ ತೋಳಿನ ಬುಡದ ಬೋಲ್ಟುಗಳೇ ಸಡಿಲಗೊಂಡರೆ ವಾಹನ ನಿಂತಿದ್ದರೂ ಎತ್ತರದಲ್ಲಿರುವ ಕಾರ್ಮಿಕನ ಜೀವಕ್ಕೆ ಕುತ್ತು ಬರುತ್ತದೆ.

ಕಾನೂನಿನ ಹಿನ್ನೆಲೆ

ರಾಲ್ಫ್ ನೇಡರ್ ಅವರು 1965ರಲ್ಲಿ ಪ್ರಕಟಿಸಿದ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಕೃತಿಯು ವಾಹನ ತಯಾರಕರ ಹೊಣೆಗಾರಿಕೆಯನ್ನು ಸಾರ್ವಜನಿಕ ಚರ್ಚೆಗೆ ತಂದಿತು. ಮರುವರ್ಷ, 1966ರ ಸೆಪ್ಟೆಂಬರ್ 9ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ರಾಷ್ಟ್ರೀಯ ಸಂಚಾರ ಮತ್ತು ಮೋಟಾರು ವಾಹನ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದರು. 1970ರಲ್ಲಿ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ (ಎನ್‌ಎಚ್‌ಟಿಎಸ್‌ಎ) ಸ್ಥಾಪನೆಯಾಯಿತು. ಮೂಲ ಕಾಯ್ದೆಯು ತಯಾರಕರು ದೋಷವನ್ನು ಮಾಲೀಕರಿಗೆ ತಿಳಿಸುವುದನ್ನು ಕಡ್ಡಾಯಗೊಳಿಸಿತ್ತು. ಅದನ್ನು ಉಚಿತವಾಗಿ ಸರಿಪಡಿಸಿಕೊಡುವ ಹೊಣೆ 1974ರ ತಿದ್ದುಪಡಿಯಿಂದ ಸೇರಿಕೊಂಡಿತು.

ದೋಷ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿದ ಪ್ರಮುಖ ತೀರ್ಪು 1975ರಲ್ಲಿ ಕೊಲಂಬಿಯಾ ಜಿಲ್ಲೆಯ ಫೆಡರಲ್ ಮೇಲ್ಮನವಿ ನ್ಯಾಯಾಲಯದಿಂದ ಬಂದಿತು. 1960ರಿಂದ 1965ರವರೆಗಿನ ಮುಕ್ಕಾಲು ಟನ್ ದರ್ಜೆಯ ಪಿಕಪ್ ಟ್ರಕ್‌ಗಳ ಚಕ್ರಗಳು ಮುರಿಯುತ್ತಿದ್ದ ಪ್ರಕರಣ ಅದು. ಮಾಲೀಕರು ಮಿತಿಮೀರಿ ಭಾರ ಹೇರಿದ್ದರಿಂದ ಚಕ್ರಗಳು ಮುರಿದವು ಎಂದು ಜನರಲ್ ಮೋಟಾರ್ಸ್ ವಾದಿಸಿತು. ಉಪೇಕ್ಷಿಸಲಾಗದಷ್ಟು ಸಂಖ್ಯೆಯಲ್ಲಿ ಒಂದು ಭಾಗ ವಿಫಲವಾದರೆ ಅದನ್ನು ದೋಷವೆಂದು ಪರಿಗಣಿಸಬಹುದು. ತಯಾರಕರು ಮುಂಚಿತವಾಗಿ ಊಹಿಸಬಹುದಾದ ಸಾಮಾನ್ಯ ದುರ್ಬಳಕೆ ಮತ್ತು ನಿರ್ವಹಣೆಯ ಕೊರತೆಯಿಂದಾದ ವೈಫಲ್ಯಗಳೂ ಅದರಲ್ಲಿ ಸೇರುತ್ತವೆ ಎಂದು ನ್ಯಾಯಾಲಯ ಹೇಳಿತು. ವಯಸ್ಸು ಮತ್ತು ಸವೆತದಿಂದ ಸಹಜವಾಗಿ ಹಾಳಾಗುವ ಭಾಗಗಳನ್ನು ಈ ವ್ಯಾಖ್ಯೆಯಿಂದ ಹೊರಗಿಟ್ಟಿತು. ದಿನವಿಡೀ ಭಾರ ಹೊತ್ತು ಕಚ್ಚಾ ರಸ್ತೆಯಲ್ಲಿ ಸಾಗುವ ಸೇವಾ ಟ್ರಕ್‌ಗಳ ಮಟ್ಟಿಗೆ ಈ ತತ್ತ್ವ ಬಹಳ ಮುಖ್ಯವಾದುದು. ಟ್ರಕ್ ಕುಲುಕುತ್ತದೆ ಎಂಬುದು ಅದರ ಬೋಲ್ಟು ಕಳಚುವುದಕ್ಕೆ ಸಮರ್ಥನೆಯಾಗಲಾರದು.

ಫೈರ್‌ಸ್ಟೋನ್ ಟೈರುಗಳ ಪ್ರಕರಣದ ಬಳಿಕ 2000ನೇ ಇಸವಿಯಲ್ಲಿ ಬಂದ ಟ್ರೆಡ್ ಕಾಯ್ದೆಯು ತಯಾರಕರು ದೂರು, ಗಾಯ ಮತ್ತು ಸಾವುಗಳ ಮಾಹಿತಿಯನ್ನು ಮುಂಚಿತವಾಗಿ ಸರ್ಕಾರಕ್ಕೆ ನೀಡುವ ವ್ಯವಸ್ಥೆಯನ್ನು ತಂದಿತು. 2015ರ ಫಾಸ್ಟ್ ಕಾಯ್ದೆಯು ಉಚಿತ ದುರಸ್ತಿಯ ಅವಧಿಯನ್ನು 10 ವರ್ಷಗಳಿಂದ 15 ವರ್ಷಗಳಿಗೆ ವಿಸ್ತರಿಸಿತು.

ಹಿಂಪಡೆಯುವಿಕೆಯ ಹಂತಗಳು

ದೋಷ ಬೆಳಕಿಗೆ ಬರುವ ದಾರಿಗಳು ಹಲವು. ಖಾತರಿ ಅವಧಿಯಲ್ಲಿನ ದುರಸ್ತಿಯ ದಾಖಲೆ, ಗ್ರಾಹಕರ ದೂರು, ಕಾರ್ಖಾನೆಯ ಒಳ ತಪಾಸಣೆ, ಅಪಘಾತದ ತನಿಖೆ ಅಥವಾ ಎನ್‌ಎಚ್‌ಟಿಎಸ್‌ಎ ನಡೆಸುವ ವಿಚಾರಣೆ ಇವುಗಳಲ್ಲಿ ಯಾವುದರಿಂದಲಾದರೂ ಅದು ಗೊತ್ತಾಗಬಹುದು. ಸುರಕ್ಷತೆಗೆ ಸಂಬಂಧಿಸಿದ ದೋಷವಿದೆ ಎಂದು ನಿರ್ಧರಿಸಿದ 5 ಕೆಲಸದ ದಿನಗಳೊಳಗೆ ತಯಾರಕನು ಎನ್‌ಎಚ್‌ಟಿಎಸ್‌ಎಗೆ ವರದಿ ಸಲ್ಲಿಸಬೇಕು. ದೋಷದ ವಿವರಣೆ, ಬಾಧಿತ ವಾಹನಗಳ ಸಂಖ್ಯೆ, ಅವು ತಯಾರಾದ ಅವಧಿ, ದೋಷ ತಿಳಿದುಬಂದ ಘಟನಾಕ್ರಮ, ಪರಿಹಾರದ ಯೋಜನೆ ಆ ವರದಿಯಲ್ಲಿರಬೇಕು.

ಪ್ರತಿ ಹಿಂಪಡೆಯುವಿಕೆಗೂ ಒಂದು ಸಂಖ್ಯೆ ನೀಡಲಾಗುತ್ತದೆ. ಮೊದಲ 2 ಅಂಕಿಗಳು ವರ್ಷವನ್ನು ಸೂಚಿಸುತ್ತವೆ. ನಂತರದ ಅಕ್ಷರವು ‘ವಿ’ ಆದರೆ ವಾಹನ, ‘ಇ’ ಆದರೆ ಸಲಕರಣೆ, ‘ಟಿ’ ಆದರೆ ಟೈರು ಎಂದು ಅರ್ಥ.

ವರದಿ ಸಲ್ಲಿಸಿದ 60 ದಿನಗಳೊಳಗೆ ಮಾಲೀಕರಿಗೆ ಅಂಚೆಯ ಮೂಲಕ ಸೂಚನೆ ತಲುಪಿಸಬೇಕು. ಬಿಡಿಭಾಗ ಅಷ್ಟರೊಳಗೆ ಸಿದ್ಧವಾಗದಿದ್ದರೆ ಮಧ್ಯಂತರ ಪತ್ರ ಕಳುಹಿಸಿ, ಪರಿಹಾರ ಸಿದ್ಧವಾದ ಮೇಲೆ ಎರಡನೆಯ ಪತ್ರ ಕಳುಹಿಸಲಾಗುತ್ತದೆ. ಟ್ರಕ್ಕನ್ನು ಗುತ್ತಿಗೆಗೆ ನೀಡಿರುವ ಸಂಸ್ಥೆಯು ಸೂಚನೆ ಪಡೆದ 10 ದಿನಗಳೊಳಗೆ ಅದನ್ನು ಗುತ್ತಿಗೆದಾರನಿಗೆ ದಾಟಿಸಬೇಕು. ವಾಹನದ ದುರಸ್ತಿ, ಬದಲಿ ವಾಹನ, ಅಥವಾ ಸವಕಳಿ ಕಳೆದು ಹಣ ಮರುಪಾವತಿ ಇವುಗಳಲ್ಲಿ ಒಂದನ್ನು ತಯಾರಕರು ಒದಗಿಸಬೇಕು. ಸಡಿಲ ಸಲಕರಣೆಯ ಪ್ರಕರಣಗಳಲ್ಲಿ ಪರಿಹಾರ ಸಾಮಾನ್ಯವಾಗಿ ಸರಳವಾಗಿರುತ್ತದೆ. ಬೋಲ್ಟುಗಳನ್ನು ಪರೀಕ್ಷಿಸಿ ಮತ್ತೆ ಬಿಗಿಯುವುದು, ಉತ್ತಮ ದರ್ಜೆಯ ಬೋಲ್ಟುಗಳನ್ನು ಹಾಕುವುದು, ಹೆಚ್ಚುವರಿ ಆಧಾರ ಪಟ್ಟಿ ಜೋಡಿಸುವುದು ಅಥವಾ ಬೆಸುಗೆಯನ್ನು ಬಲಪಡಿಸುವುದು ಸಾಕಾಗಬಹುದು. ಹಿಂಪಡೆಯುವಿಕೆಗೆ ಒಳಗಾದ ಹೊಸ ವಾಹನವನ್ನು ದುರಸ್ತಿಯಾಗುವವರೆಗೆ ಮಾರಾಟಗಾರರು ಗ್ರಾಹಕರಿಗೆ ಒಪ್ಪಿಸುವಂತಿಲ್ಲ.

ಹೊಣೆಗಾರಿಕೆಯ ಹಂಚಿಕೆ

ಬಹುಹಂತದ ವಾಹನದಲ್ಲಿ ಚಾಸಿ ತಯಾರಕನಾಗಲಿ, ನಂತರದ ಹಂತದ ತಯಾರಕರಲ್ಲಿ ಒಬ್ಬನಾಗಲಿ ವರದಿ ಸಲ್ಲಿಸಿ ಸೂಚನೆ ನೀಡಿದರೆ ಅದು ಎಲ್ಲರ ಪರವಾಗಿ ಕಾನೂನನ್ನು ಪಾಲಿಸಿದಂತೆ ಎಂದು ನಿಯಮ ಹೇಳುತ್ತದೆ. ವಿಂಚ್ ಅಥವಾ ಕ್ರೇನಿನಂತಹ ಮೂಲ ಸಲಕರಣೆಯೊಂದರಲ್ಲಿಯೇ ದೋಷವಿದ್ದು, ಅದು ಹಲವು ತಯಾರಕರ ವಾಹನಗಳ ಮೇಲೆ ಅಳವಡಿಕೆಯಾಗಿದ್ದರೆ, ಸಲಕರಣೆಯ ಬಗ್ಗೆ ಅದರ ತಯಾರಕನೂ, ತಮ್ಮ ತಮ್ಮ ವಾಹನಗಳ ಬಗ್ಗೆ ಆಯಾ ವಾಹನ ತಯಾರಕರೂ ವರದಿ ಮಾಡಬೇಕು.

ಪ್ರಾಯೋಗಿಕವಾಗಿ ದೋಷದ ಮೂಲವನ್ನು ಗುರುತಿಸುವುದು ಇದಕ್ಕೆ ಆಧಾರ. ಕ್ರೇನಿನ ಬುಡದ ಫಲಕವೇ ಬಿರುಕು ಬಿಟ್ಟರೆ ಅದು ಕ್ರೇನ್ ತಯಾರಕನ ದೋಷ. ಫಲಕ ಸರಿಯಿದ್ದು, ಬೋಲ್ಟುಗಳನ್ನು ಬಿಗಿಯದೆ ಬಿಟ್ಟಿದ್ದರೆ ಅದು ಅಳವಡಿಸಿದವನ ದೋಷ. ಚಾಸಿಯ ತೊಲೆಯೇ ನಿಗದಿತ ಭಾರಕ್ಕೆ ಬಾಗಿದರೆ ಅದು ಮೊದಲ ಹಂತದ ತಯಾರಕನ ದೋಷ. ಖರೀದಿಯ ನಂತರ ಮಾಲೀಕನೇ ತನ್ನ ಕಾರ್ಯಾಗಾರದಲ್ಲಿ ಕೂರಿಸಿಕೊಂಡ ವೈಸ್ ಕಳಚಿದರೆ, ಆ ಜೋಡಣೆಯ ಲೋಪಕ್ಕೆ ತಯಾರಕರ ಹಿಂಪಡೆಯುವಿಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ವಾಹನಗಳನ್ನು ಪತ್ತೆಹಚ್ಚುವ ತೊಡಕು

1981ರ ಮಾದರಿ ವರ್ಷದಿಂದ ಅಮೆರಿಕದ ಪ್ರತಿ ವಾಹನಕ್ಕೂ 17 ಅಕ್ಷರಾಂಕಗಳ ಗುರುತಿನ ಸಂಖ್ಯೆ ಇದೆ. 2014ರ ಆಗಸ್ಟ್‌ನಿಂದ ಆ ಸಂಖ್ಯೆಯನ್ನು ನೀಡಿ ಬಾಕಿ ಇರುವ ಹಿಂಪಡೆಯುವಿಕೆಯನ್ನು ಅಂತರಜಾಲದಲ್ಲಿ ಹುಡುಕುವ ಸೌಲಭ್ಯವೂ ಲಭ್ಯವಿದೆ. ಆದರೆ ಈ ಹುಡುಕಾಟದ ಸೌಲಭ್ಯವನ್ನು ಕಡ್ಡಾಯವಾಗಿ ಒದಗಿಸಬೇಕಾದವರು ವರ್ಷಕ್ಕೆ 25,000 ಅಥವಾ ಹೆಚ್ಚು ಲಘು ವಾಹನಗಳನ್ನು, ಇಲ್ಲವೇ 5,000 ಅಥವಾ ಹೆಚ್ಚು ಮೋಟಾರ್ ಸೈಕಲ್‌ಗಳನ್ನು ತಯಾರಿಸುವ ಸಂಸ್ಥೆಗಳು ಮಾತ್ರ. ಒಟ್ಟು ಭಾರ 10,000 ಪೌಂಡ್, ಅಂದರೆ ಸುಮಾರು 4,536 ಕಿಲೋಗ್ರಾಂ ಮೀರಿದ ವಾಹನಗಳು ಲಘು ವಾಹನಗಳ ವ್ಯಾಪ್ತಿಗೆ ಬರುವುದಿಲ್ಲ. ಹೆಚ್ಚಿನ ಬಕೆಟ್ ಟ್ರಕ್‌ಗಳೂ ಕ್ರೇನ್ ಟ್ರಕ್‌ಗಳೂ ಈ ಮಿತಿಯನ್ನು ಮೀರಿರುತ್ತವೆ. ಅವುಗಳಿಗೆ ಬಾಡಿ ಕಟ್ಟುವ ಸಂಸ್ಥೆಗಳು ಅನೇಕ ವೇಳೆ ಚಿಕ್ಕವಾಗಿರುತ್ತವೆ. ಆದ್ದರಿಂದ ಹುಡುಕಾಟದಲ್ಲಿ ಏನೂ ಕಾಣಿಸದಿದ್ದ ಮಾತ್ರಕ್ಕೆ ಸೇವಾ ಟ್ರಕ್ಕಿನ ಸಲಕರಣೆಗೆ ಯಾವ ಹಿಂಪಡೆಯುವಿಕೆಯೂ ಇಲ್ಲವೆಂದು ತೀರ್ಮಾನಿಸಲಾಗದು. ಚಾಸಿ ತಯಾರಕ, ಅಂತಿಮ ಹಂತದ ತಯಾರಕ ಮತ್ತು ಸಲಕರಣೆಯ ತಯಾರಕ ಮೂವರ ಹೆಸರಿನಲ್ಲಿಯೂ ಪ್ರತ್ಯೇಕವಾಗಿ ಹುಡುಕಬೇಕಾಗುತ್ತದೆ.

ಮರುಮಾರಾಟ ಮತ್ತೊಂದು ತೊಡಕು. ದೊಡ್ಡ ಸಂಸ್ಥೆಗಳು ತಮ್ಮ ಟ್ರಕ್‌ಗಳನ್ನು ಕೆಲವು ವರ್ಷಗಳ ಬಳಿಕ ಹರಾಜಿನಲ್ಲಿ ಮಾರುತ್ತವೆ. ಸಣ್ಣ ಗುತ್ತಿಗೆದಾರರು ಅವುಗಳನ್ನು ಕೊಳ್ಳುತ್ತಾರೆ. ಕೆಲವೊಮ್ಮೆ ಕ್ರೇನನ್ನು ಹಳೆಯ ಚಾಸಿಯಿಂದ ಬಿಚ್ಚಿ ಹೊಸದಕ್ಕೆ ಕೂರಿಸಲಾಗುತ್ತದೆ. ಆಗ ಸಲಕರಣೆಯ ಕ್ರಮಸಂಖ್ಯೆಗೂ ವಾಹನದ ಗುರುತಿನ ಸಂಖ್ಯೆಗೂ ಇದ್ದ ನಂಟು ಕಡಿದುಹೋಗುತ್ತದೆ. ಬಾಕಿ ಹಿಂಪಡೆಯುವಿಕೆ ಇರುವ ಬಳಸಿದ ವಾಹನದ ಮಾರಾಟವನ್ನು ತಡೆಯುವ ಸಾಮಾನ್ಯ ಫೆಡರಲ್ ನಿಷೇಧ ಇಲ್ಲದಿರುವುದರಿಂದ, ಮೊದಲ ಮಾಲೀಕನಿಗೆ ಹೋದ ಪತ್ರ ಮೂರನೆಯ ಮಾಲೀಕನನ್ನು ತಲುಪದೆ ಉಳಿಯಬಹುದು.

ಮಾಲೀಕರ ಮತ್ತು ಚಾಲಕರ ಪಾತ್ರ

ಫೆಡರಲ್ ನಿಯಮಗಳ ಪ್ರಕಾರ ವಾಣಿಜ್ಯ ಟ್ರಕ್ಕಿನ ಚಾಲಕನು ಹೊರಡುವ ಮುನ್ನ ಹೊರೆಯ ಜೊತೆಗೆ ವಾಹನದ ಹಿಂಬಾಗಿಲು, ಹೆಚ್ಚುವರಿ ಚಕ್ರ ಮತ್ತು ಕಾರ್ಯಾಚರಣೆಯ ಇತರ ಸಲಕರಣೆಗಳು ಭದ್ರವಾಗಿವೆಯೇ ಎಂದು ನೋಡಿಕೊಳ್ಳಬೇಕು. ಹೊರೆಯನ್ನು ಮೊದಲ 50 ಮೈಲುಗಳೊಳಗೆ ಮತ್ತೊಮ್ಮೆ ಪರೀಕ್ಷಿಸಬೇಕು. ಆ ಬಳಿಕ ಕೆಲಸದ ಸ್ಥಿತಿ ಬದಲಾದಾಗ, 3 ಗಂಟೆಗಳಿಗೊಮ್ಮೆ ಅಥವಾ 150 ಮೈಲುಗಳಿಗೊಮ್ಮೆ, ಇವುಗಳಲ್ಲಿ ಯಾವುದು ಮೊದಲೋ ಆಗ ಪರೀಕ್ಷಿಸಬೇಕು. ಹೊರೆಯನ್ನು ಕಟ್ಟುವ ವ್ಯವಸ್ಥೆಯು ಮುಂದಕ್ಕೆ ಗುರುತ್ವದ 0.8 ಪಟ್ಟು, ಹಿಂದಕ್ಕೂ ಪಕ್ಕಗಳಿಗೂ 0.5 ಪಟ್ಟು ಬಲವನ್ನು ತಡೆಯುವಂತಿರಬೇಕು. ವಾಹನದ ಮೇಲೆ ಅಳವಡಿಸಿದ ಮೇಲೇರುವ ಬಕೆಟ್‌ಗಳಿಗೆ ಎಎನ್‌ಎಸ್‌ಐ ಎ92.2 ಎಂಬ ಪ್ರತ್ಯೇಕ ಮಾನದಂಡವಿದ್ದು, ತಯಾರಕ, ಅಳವಡಿಸುವವ, ಮಾಲೀಕ ಮತ್ತು ಬಳಕೆದಾರರ ಹೊಣೆಗಳನ್ನು ಅದು ಬೇರೆ ಬೇರೆಯಾಗಿ ನಿಗದಿಪಡಿಸುತ್ತದೆ.

ಸಡಿಲಿಕೆ ಬಹುಪಾಲು ಸಂದರ್ಭಗಳಲ್ಲಿ ಮುನ್ಸೂಚನೆ ನೀಡುತ್ತದೆ. ಬೋಲ್ಟಿನ ತಲೆಯ ಸುತ್ತ ಹೊಳೆಯುವ ಲೋಹ, ಜೋಡಣೆಯ ಸಂದಿಯಿಂದ ಇಳಿದ ಕೆಂಪು ತುಕ್ಕಿನ ಗೆರೆ, ಬಿರುಕು ಬಿಟ್ಟ ಬಣ್ಣ, ಹೊಸದಾಗಿ ಕೇಳಿಬರುವ ಲೊಟಲೊಟ ಸದ್ದು ಇವು ಅಂತಹ ಗುರುತುಗಳು. ಬಿಗಿದ ಬೋಲ್ಟಿನಿಂದ ಫಲಕದವರೆಗೆ ಬಣ್ಣದ ಒಂದು ಗೆರೆ ಎಳೆಯುವುದು ಸರಳವಾದ ಉಪಾಯ. ಬೋಲ್ಟ್ ತಿರುಗಿದರೆ ಗೆರೆ ತುಂಡಾಗಿ ಕಾಣುತ್ತದೆ. ಹಿಂಪಡೆಯುವಿಕೆಯ ಪತ್ರ ಬರುವ ಮೊದಲೇ ಇಂತಹ ತಪಾಸಣೆ ದೋಷವನ್ನು ಬಯಲುಮಾಡಬಲ್ಲದು. ಹಾಗೆ ಕಂಡ ದೋಷವನ್ನು ಸದ್ದಿಲ್ಲದೆ ಬಿಗಿದು ಬಿಡದೆ ತಯಾರಕರಿಗೂ ಎನ್‌ಎಚ್‌ಟಿಎಸ್‌ಎಗೂ ತಿಳಿಸಿದರೆ, ಅದೇ ಮಾದರಿಯ ಉಳಿದ ಟ್ರಕ್‌ಗಳ ತಪಾಸಣೆಗೂ ದಾರಿಯಾಗುತ್ತದೆ.

ಭಾರತದಲ್ಲಿ

ಭಾರತದಲ್ಲಿ ವಾಹನ ತಯಾರಕರ ಸಂಘಟನೆಯಾದ ಸಿಯಾಮ್ 2012ರಲ್ಲಿ ಸ್ವಯಂಪ್ರೇರಿತ ಹಿಂಪಡೆಯುವಿಕೆಯ ಸಂಹಿತೆಯನ್ನು ಜಾರಿಗೆ ತಂದಿತು. ಮೋಟಾರು ವಾಹನಗಳ (ತಿದ್ದುಪಡಿ) ಕಾಯ್ದೆ, 2019ರ ಮೂಲಕ 110ಎ ಸೆಕ್ಷನ್ ಸೇರ್ಪಡೆಯಾಗಿ, ದೋಷಪೂರಿತ ವಾಹನಗಳನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ದೊರೆಯಿತು. ಸಂಬಂಧಿತ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಪರಿಸರ, ಚಾಲಕ ಮತ್ತು ಪ್ರಯಾಣಿಕರಿಗಷ್ಟೇ ಅಲ್ಲದೆ ರಸ್ತೆಯ ಇತರ ಬಳಕೆದಾರರಿಗೆ ಹಾನಿ ತರುವ ದೋಷವೂ ಈ ಸೆಕ್ಷನ್ ವ್ಯಾಪ್ತಿಗೆ ಬರುತ್ತದೆ. ದೋಷವನ್ನು ತಾನೇ ಗಮನಿಸಿ ಸರ್ಕಾರಕ್ಕೆ ತಿಳಿಸಿ ಹಿಂಪಡೆಯುವಿಕೆ ಆರಂಭಿಸುವ ತಯಾರಕನಿಗೆ ದಂಡದಿಂದ ವಿನಾಯಿತಿ ಇದೆ. ಟ್ರಕ್‌ಗಳ ಕ್ಯಾಬಿನ್ ಮತ್ತು ಬಾಡಿ ನಿರ್ಮಾಣಕ್ಕೆ ಎಐಎಸ್-093 ಎಂಬ ಸಂಹಿತೆ ಇದೆ. ಚಾಸಿ ಒಬ್ಬರದು, ಬಾಡಿ ಮತ್ತೊಬ್ಬರದು ಎಂಬ ರೂಢಿ ಇಲ್ಲಿಯೂ ವ್ಯಾಪಕವಾಗಿರುವುದರಿಂದ, ಯಾವ ಸಲಕರಣೆಯನ್ನು ಯಾರು, ಯಾವ ಚಾಸಿಗೆ, ಎಂದು ಜೋಡಿಸಿದರು ಎಂಬ ದಾಖಲೆಯನ್ನು ಉಳಿಸಿಕೊಳ್ಳುವುದು ಇಲ್ಲಿನ ಮಾಲೀಕರಿಗೂ ಅಷ್ಟೇ ಅಗತ್ಯ.